ಹಿಂದೆ ಬರುವವನಿಗೆ

ಕೆಜಿ ಲೆಕ್ಕದಲ್ಲಿ ಹರಾಜಾಗಿ ಬಂದದ್ದು.
ಕ್ರೇನಿನ ಕೊಕ್ಕೆಗೆ ಮೂತಿ ಕೊಟ್ಟು,
ಗೌರಿಪಾಳ್ಯದ ತಿರುವಿನಲ್ಲಿ ಎರಡು ಕೇಬಲ್ಲು ಹರಿದು,
ಎಳನೀರಿನವನ ಕೈಲಿ ಬೈಸಿಕೊಂಡು
ನಮ್ಮ ಶೆಡ್ಡಿನ ಮುಂದೆ ನಿಂತಾಗ
ಬಾನೆಟ್ಟಿನೊಳಗೆ ಅಳಿಲೊಂದು ಸಂಸಾರ ಹೂಡಿತ್ತು.

ಓನರ್ರು ಅಂದರು: ಬಣ್ಣ ಹೊಡೆದುಕೊಡು ಸಾಕು ಚೌರಪ್ಪ,
ಸರ್ಜಾಪುರ ರೋಡಲ್ಲಿ ಹೋಟ್ಲು, ಬಾಗಿಲಿಗೆ ನಿಲ್ಲಿಸ್ತೀನಿ.
ಮಕ್ಕಳು ಹತ್ತಿ ಫೋಟೊ ತೆಗೆಸ್ಕೊಳ್ಳಲಿ.
ಇಂಜಿನ್ನು ಯಾಕೆ, ಓಡೋದಿಲ್ವಲ್ಲ.

ಓಡದ ಲಾರಿಗೆ ಬಣ್ಣ ಹೊಡೆಯೋದು
ನನ್ನ ಕೈಗೆ ಗೊತ್ತಿಲ್ಲದ ಕೆಲಸ.
ಬಾಯಿಗೆ ಗೊತ್ತಿತ್ತು. ಆಗಲಿ ಸಾರ್, ಅಂದಿತು.

ಉಜ್ಜಿದೆವು.
ಮೇಲೆ ಹಸಿರು, ಕೆಳಗೆ ಮರಳಿನ ಬಣ್ಣ,
ಅದರ ಕೆಳಗೆ ಮತ್ತೆ ಹಸಿರು.
ಎಲ್ಲೆಲ್ಲಿ ನಿಂತಿತ್ತೋ ಹೇಳುವವರಿಲ್ಲ.
ಸೀಟಿನಡಿ ಬಳಪದಷ್ಟು ಸವೆದ ಸೋಪು, ಮೂರು ಗುಂಡಿ,
ಒಂದು ಹಿಡಿ ಮರಳು:
ನಮ್ಮ ಕಡೆಯದಲ್ಲ, ಜರಡಿ ಹಿಡಿದ ಹಿಟ್ಟಿನಂಥದ್ದು.

ನಟ್ಟುಗಳು ಬಿಡಲೊಲ್ಲವು.
ರಾತ್ರಿ ಡೀಸೆಲ್ ಕುಡಿಸಿ, ಬೆಳಿಗ್ಗೆ ಬೆಂಕಿ ತೋರಿಸಿ,
ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು.
ಬಿಟ್ಟದ್ದು ಮೂರನೇ ದಿನ, ಸಗೀರ್
ಒಂದು ಕೈಯಲ್ಲಿ ಸ್ಪ್ಯಾನರ್ ಒತ್ತಿಕೊಂಡು
ಇನ್ನೊಂದರಲ್ಲಿ ಟೀ ಲೋಟ ತಡಕುವಾಗ.

ಬುಶ್ಶು ಕಲಾಸಿಪಾಳ್ಯದಲ್ಲಿ ಇಲ್ಲ. ಜೆ.ಸಿ. ರೋಡಲ್ಲಿ ನಕ್ಕರು.
ಶಿವಾಜಿನಗರದ ಗುಜರಿಯಲ್ಲಿ ಮುದುಕ ತಬಾರಕ್
ತೂಕದ ಕಲ್ಲಿನ ಬದಲು ಇಟ್ಟುಕೊಂಡಿದ್ದ.
ಕೊಟ್ಟುಬಿಟ್ಟು, ಇನ್ನು ನಾನು ಹೇಗೆ ತೂಗಲಿ, ಅಂದ.
ಕಾಮಾಕ್ಷಿಪಾಳ್ಯದ ಲೇತಿನಲ್ಲಿ ಗಂಗಹನುಮಕ್ಕ
ಕಿಂಗ್‌ಪಿನ್ನು ತಿರುವಿ, ಬೆರಳಾಡಿಸಿ,
ಕೂದಲೆಳೆ ಹೆಚ್ಚಿದೆ, ನಾಳೆ ಬಾ, ಅಂದಳು.
ನಾಳೆ ಹೋದಾಗ ಕೂದಲೆಳೆ ಇರಲಿಲ್ಲ.

ಹಿಂದಿನ ಆಕ್ಸಲಿನ ನಡುವೆ, ಬೂದುಗುಂಬಳದಷ್ಟು ದಪ್ಪ ಉಬ್ಬು.
ಜಡ್ಡುಗಟ್ಟಿದ ಗ್ರೀಸು ಕೆರೆದರೆ ಒಳಗೆ ಬಿಳಿ.
ಲಾರಿಯ ಹೊಟ್ಟೆಗೆ ಯಾರು ಸುಣ್ಣ ಬಳಿಯುತ್ತಾರೆ?
ಅದರ ಮೇಲೆ ಚಿಟಿಕೆಯಷ್ಟು ಬಲ್ಬಿನ ಗೂಡು.

ಹಲಸೂರಿನ ಹವಾಲ್ದಾರ್ ಏಕಾಂಬರಂ ರಿಟೈರಾಗಿ ಬಹಳ ಕಾಲ.
ಬಗ್ಗಿ ನೋಡಿ, ಮಂಡಿ ಹಿಡಿದು ಎದ್ದು ಹೇಳಿದರು:
ರಾತ್ರಿ ಲೈಟೆಲ್ಲ ಆರಿಸಿ ಓಡಿಸಬೇಕು,
ಮೇಲಿನಿಂದ ಕಾಣಬಾರದು.
ಹಿಂದೆ ಬರೋನಿಗೆ ಈ ಬಿಳಿ ಒಂದೇ ಕಾಣೋದು.
ಇದು ಹೋದ ಕಡೆ ರೋಡಿದೆ ಅಂತ ಲೆಕ್ಕ.
ಒಂದು ಸಲ ಬಲ್ಬು ಹೋಯ್ತು, ಅಂದವರು
ಬೀಡಿ ಹಚ್ಚಿದರು. ಮುಂದೆ ಹೇಳಲಿಲ್ಲ.

ಸ್ಟಾರ್ಟಾದದ್ದು ಒಂದು ಗುರುವಾರ.
ಬಿಳಿ ಹೊಗೆ, ಕಪ್ಪು ಹೊಗೆ, ಆಮೇಲೆ ಹೊಗೆಯಿಲ್ಲ.
ಎದುರು ಮನೆಯ ಪಾತ್ರೆ ಸ್ಟ್ಯಾಂಡು ಅದುರಿ
ಒಂದು ಸೌಟು ತಾನಾಗೇ ಇಳಿಯಿತು.
ಬಿಲ್ಲಿನಲ್ಲಿ 'ಬಣ್ಣ' ಅಂತಷ್ಟೇ ಬರೆದೆ.

ಹಗಲು ಭಾರಿ ಗಾಡಿ ಊರೊಳಗೆ ಬಿಡುವುದಿಲ್ಲ.
ರಾತ್ರಿ ಎರಡೂವರೆಗೆ ಹೊರಟೆವು,
ನಾನು ಮುಂದೆ, ಸಗೀರ್ ಸ್ಕೂಟರಿನಲ್ಲಿ ಹಿಂದೆ.
ಇಷ್ಟೊಂದು ಬೀದಿದೀಪದ ಊರಿಗೆ ಬೇಡವೇ ಬೇಡ,
ಆದರೂ ಆ ಬಲ್ಬು ಹಚ್ಚಿದ್ದೆ.
ಆಡುಗೋಡಿ ದಾಟುವಾಗ ಕರೆಂಟು ಹೋಯಿತು.
ಒಂದು ಫರ್ಲಾಂಗು, ಕನ್ನಡಿಯಲ್ಲಿ ಏನೂ ಇಲ್ಲ,
ಸ್ಕೂಟರಿನ ಸದ್ದು ಮಾತ್ರ ಬಿಡದೆ.

ಕಂಡಿತಾ, ಅಂದೆ ಇಳಿದ ಮೇಲೆ.
ಬಲಗಡೆ ಸೀಲಿಂದ ಎಣ್ಣೆ ಒಸರ್ತಾ ಇದೆ, ಅಂದ.

ಈಗ ತಿಂಗಳಿಗೆರಡು ಸೋಮವಾರ
ಹೋಟ್ಲು ತೆರೆಯುವ ಮುಂಚೆ ಹೋಗುತ್ತೇನೆ.
ಗ್ರೀಸು ತುಂಬಿ, ಗಾಳಿ ನೋಡಿ,
ಹತ್ತು ನಿಮಿಷ ಉಸಿರಾಡಿಸಿ
ಗೇಣುದ್ದ ಉರುಳಿಸಿ ನಿಲ್ಲಿಸುತ್ತೇನೆ,
ಒಂದೇ ಮಗ್ಗುಲಲ್ಲಿ ಮಲಗಿದರೆ ಟೈರಿಗೂ ಹುಣ್ಣು.
ಓನರ್ರು ದೋಸೆ ಕೊಡಿಸುತ್ತಾರೆ, ದುಡ್ಡು ಕೊಡುವುದಿಲ್ಲ.
ಆ ಸೀಲು ಇನ್ನೂ ಒಸರುತ್ತದೆ.

ಕೊನೆಗೆ ಗೋಣಿ ಹಾಸಿ, ನೆಲಕ್ಕೆ ಬೆನ್ನು ಕೊಟ್ಟು
ಒಳಗಿನ ಬಿಳಿ ಒರೆಸುತ್ತೇನೆ.
ಬಲ್ಬು ಹತ್ತುತ್ತದೆ.
ನೋಡಿ, ಆರಿಸಿ ಬರುತ್ತೇನೆ,
ಬ್ಯಾಟರಿ ಇಳಿದೀತು.